ಬಾಳಪ್ಪಮಾಮಾನ ಎರಡು ಗಿಯರ್‌ಗಳು

ಪ್ರತಿವರ್ಷ ಖಂಡೇನವಮಿಯ, ಅಂದರೆ ಆಯುಧಪೂಜೆಯ, ಬೆಳಿಗ್ಗೆ ಬಾಳಪ್ಪಮಾಮಾ ತನ್ನ ಫೌಂಡ್ರಿಯ ಸುತ್ತಿಗೆ, ಇಕ್ಕಳ, ಮರಳು ಸೋಸುವ ಜರಡಿಗಳನ್ನೆಲ್ಲ ತೊಳೆದು ಕುಂಕುಮ ಹಚ್ಚುತ್ತಿದ್ದ. ಅವುಗಳ ನಡುವೆ, ಕೆಂಪು ಬಟ್ಟೆಯ ಮೇಲೆ, ಎರಡು ಗಿಯರ್‌ಗಳಿರುತ್ತಿದ್ದವು. ಒಂದು ವಿಲಾಯತಿಯದು, ಮೈಮೇಲೆ ಇಂಗ್ಲಿಷ್ ಹೆಸರಿದ್ದದ್ದು. ಇನ್ನೊಂದು ಅವನೇ ಎರಕ ಹೊಯ್ದದ್ದು. ಅದಕ್ಕೆ ಒಂದು ಹಲ್ಲು ಇರಲಿಲ್ಲ. ಎರಡಕ್ಕೂ ಚೆಂಡುಹೂವಿನ ಮಾಲೆ.

ಮಾಮಾ ನನ್ನ ತಾಯಿಯ ತಮ್ಮ. ಗಡಹಿಂಗ್ಲಜ ಕಡೆಯ ನೂಲ ಎಂಬ ಊರಿನವನು. ಕೊಲ್ಹಾಪುರಕ್ಕೆ ಬಂದು ಕಬ್ಬಿನ ಗಾಣದ ಉರುಳೆ ಎರಕ ಹೊಯ್ಯುತ್ತ ಸಣ್ಣ ಫೌಂಡ್ರಿ ಕಟ್ಟಿಕೊಂಡಿದ್ದ. ಅಕ್ಕನ ಮಗಳಾದ ನಾನು ಅವನ ಮನೆಯಲ್ಲಿದ್ದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದೆ. ಆಗಿನ ದಿನಚರಿ ಈಗಲೂ ಇದೆ. ಅದರಲ್ಲಿ ನನ್ನ ವಾದಗಳು ಉದ್ದುದ್ದ, ಅವನ ಮಾತು ಎರಡೆರಡು ಸಾಲು. ಹಾಗಾಗಿ ಇಲ್ಲಿನ ಮಾತುಗಳಲ್ಲಿ ಎಷ್ಟು ಅವನವು, ಎಷ್ಟು ನಾನು ತುಂಬಿದವು ಎಂದು ಹೇಳಲಾರೆ. ಧಾಟಿ ಮಾತ್ರ ಅವನದೇ.

ಆ ವರ್ಷಗಳಲ್ಲಿ ಸರ್ಕಾರ ಆಮದನ್ನು ಬಿಗಿ ಮಾಡಿತ್ತು. ಲೈಸೆನ್ಸ್ ಇಲ್ಲದೆ ಪರದೇಶದ ಬಿಡಿಭಾಗ ಬರುತ್ತಿರಲಿಲ್ಲ. ವಿದ್ಯುತ್ ಮಗ್ಗಗಳ ಊರಾದ ಇಚಲಕರಂಜಿಯಲ್ಲಿ ಒಂದು ಗಿಯರ್ ಸವೆದರೆ ಮಗ್ಗವೇ ನಿಲ್ಲುತ್ತಿತ್ತು. ಅಲ್ಲಿನ ವ್ಯಾಪಾರಿ ಬಾಬೂರಾವ್ ತನ್ನಲ್ಲಿ ಉಳಿದಿದ್ದ ಕೊನೆಯ ಹೊಸ ಗಿಯರ್ ತಂದು, "ಹುಬೇಹೂಬ್ ಹಿಂಗ ಬೇಕು ಮಿಸ್ತ್ರಿ" ಎಂದ. ಮಾಮಾ ಅದನ್ನೇ ಮರಳಿನಲ್ಲಿ ಒತ್ತಿ ಎರಕ ಹೊಯ್ದ. ಹುಬೇಹೂಬ್ ಬಂತು, ಇಂಗ್ಲಿಷ್ ಹೆಸರಿನ ಸಮೇತ. ಆದರೆ ಮಗ್ಗಕ್ಕೆ ಹಾಕಿದರೆ ಹಲ್ಲಿಗೆ ಹಲ್ಲು ಕೂಡಲಿಲ್ಲ. ಕಾದ ಕಬ್ಬಿಣ ಆರುವಾಗ ತುಸು ಕುಗ್ಗುತ್ತದೆ. ಗಾಣದ ಉರುಳೆಯಲ್ಲಿ ಅದು ನಡೆದುಹೋಗುತ್ತಿತ್ತು, ಗಿಯರಿನಲ್ಲಿ ನಡೆಯಲಿಲ್ಲ. ಹೊರಗಿನದನ್ನು ಇದ್ದ ಹಾಗೇ ಒತ್ತಿದರೆ ಅದಕ್ಕಿಂತ ಸಣ್ಣದೇ ಹುಟ್ಟುತ್ತದೆ ಎಂದು ಆ ದಿನ ದಿನಚರಿಯಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ಮಾಮಾ ಅಂಥದ್ದೇನೂ ಹೇಳಲಿಲ್ಲ. ಹಣೆಗೊಂದು ಏಟು ಹೊಡೆದುಕೊಂಡು, ಬಡಗಿಯಿಂದ ತುಸು ದೊಡ್ಡದಾದ ಕಟ್ಟಿಗೆಯ ಅಚ್ಚು ಮಾಡಿಸಿದ. ಅದರ ಮೇಲೆ ದೇವನಾಗರಿಯಲ್ಲಿ ತನ್ನ ಹೆಸರು ಬರೆಯಲು ನನಗೆ ಹೇಳಿದ. ನಾನು ಬರೆದೆ, ಬಡಗಿ ಕೆತ್ತಿದ.

ಬಾಬೂರಾವ್ ನೋಡಿ ಹೌಹಾರಿದ. "ಇದೇನ್ರಿ ಮಿಸ್ತ್ರಿ! ಬಾಳಪ್ಪ ಅಂತ ಬರದದ್ದ ಯಾಂವ ತಗೋತಾನ? ಇಂಗ್ರಜಿ ಹೆಸರ ಇರಲಿ. ತುಮಚಂ ಕಾಯ ಜಾತಂಯ?"

"ನಂದೇನ ಹೋಗ್ತದ? ನನ್ನ ಹೆಸರ ಹೋಗ್ತದ. ಅದನ್ನ ಮಾಡಿದಾಂವ ನನಗ ಗುರು. ಗುರೂನ ಪೂಜಾ ಮಾಡ್ತೇನಿ. ಗುರೂನ ಹೆಸರ ಹೇಳಿ ಮಾಲ ಮಾರಾಂಗಿಲ್ಲ."

"ಹಂಗಾರ ನಾನೂ ಒಯ್ಯಾಂಗಿಲ್ಲ."

ಬಾಬೂರಾವ್ ತಾನು ತಂದ ವಿಲಾಯತಿ ಗಿಯರನ್ನೂ ಅಲ್ಲೇ ಬಿಟ್ಟು ಎದ್ದು ಹೋದ. ಅವನನ್ನು ನಂಬಿ ಮಾಮಾ ಗಾಣದ ಕೆಲಸ ಬಿಟ್ಟಿದ್ದ. ಗಿಯರ್‌ಗಳು ಮೂಲೆಯಲ್ಲಿ ತುಕ್ಕು ಹಿಡಿಯತೊಡಗಿದವು, ಕುಲುಮೆ ತಣ್ಣಗಾಯಿತು. ಫೌಂಡ್ರಿಯೇ ಮುಚ್ಚುತ್ತದೇನೋ ಎನ್ನಿಸಿತು. "ನಿಮ್ಮ ಹೆಸರ ನುಚ್ಚಿನಾಗ ಹಾಕಿ ಕುದಸಲೇನು?" ಎಂದು ಮಾಮಿ ಕೇಳಿದಳು.

ನಾನೂ ಸುಮ್ಮನಿರಲಿಲ್ಲ. ಯಾವ ದೇಶ ಯಾವುದನ್ನು ಚೆನ್ನಾಗಿ ಮಾಡುತ್ತದೋ ಅದು ಅದನ್ನೇ ಮಾಡಬೇಕು, ಉಳಿದದ್ದನ್ನು ಕೊಳ್ಳಬೇಕು, ಗಿಯರ್ ಅವರೇ ಮಾಡಲಿ ಎಂದು ಪುಸ್ತಕದ್ದನ್ನು ಹೇಳಿದೆ.

"ಹೌದೇನ್ ಬಾಯಾರ?" ಎಂದ ಮಾಮಾ, ಶಾಲೆಯ ಟೀಚರಮ್ಮನನ್ನು ಕರೆದ ಹಾಗೆ. "ಹಂಗಾರ ನೀ ಯಾಕ ಕಾಲೇಜಿಗೆ ಹೊಂಟಿ? ನಿನಗಿಂತ ಚಲೋ ಓದಾವ್ರು ಪುಣೇದಾಗ ಭಾಳ ಮಂದಿ ಅದಾರ. ಅವರ ಓದ್ಲಿ. ನೀ ಭಾಂಡೆ ಚಲೋ ತಿಕ್ತಿ."

ನಾನು ಪುಸ್ತಕ ಮುಚ್ಚಿಟ್ಟು, ಪಾತ್ರೆ ತಿಕ್ಕಲು ಎದ್ದೆ. 

ಕೊನೆಗೆ ಗಿಯರ್‌ಗಳನ್ನು ಚೀಲದಲ್ಲಿ ತುಂಬಿ, ಬಸ್ಸು ಹತ್ತಿ, ಅವನೇ ಇಚಲಕರಂಜಿಗೆ ಹೋದ. ಗುರುತು ಪರಿಚಯವಿಲ್ಲದ ಒಬ್ಬ ನೇಕಾರನ ಎರಡು ಮಗ್ಗಗಳಲ್ಲಿ ಒಂದು ವಿಲಾಯತಿ ಗಿಯರಿನಲ್ಲಿ ಓಡುತ್ತಿತ್ತು. ನಿಂತುಹೋಗಿದ್ದ ಇನ್ನೊಂದಕ್ಕೆ ತನ್ನದನ್ನು ಹಾಕಿ, "ಎರಡೂ ಓಡಸ್ರಿ. ಯಾವುದ ಮೊದಲ ಮುರೀತದ ನೋಡೂಣು" ಎಂದು ಹೇಳಿ ಬಂದ.

ಮುರಿದದ್ದು ಮಾಮಾನದೇ. ನೇಕಾರ ಅದನ್ನು ಹಿಡಿದು ಕೊಲ್ಹಾಪುರಕ್ಕೇ ಬಂದು, "ಯಾರೀ ಬಾಳಪ್ಪ ಅಂದ್ರ? ಹೊರಗ ಬರ್ರಿ!" ಎಂದು ಓಣಿ ತುಂಬ ಕೂಗಿದ. ಮಾಮಿ ತಲೆಯ ಮೇಲೆ ಕೈ ಹೊತ್ತು ಕೂತಳು. ಮಾಮಾ ಹಲ್ಲು ಮುರಿದ ಕಡೆ ಬೆರಳಾಡಿಸಿದ. ಎರಕದಲ್ಲಿ ಗಾಳಿ ಸಿಕ್ಕಿ ಒಳಗೆ ಗುಳ್ಳೆ ಉಳಿದಿತ್ತು. ನಾಚಿಕೊಳ್ಳುತ್ತಾನೆ ಎಂದುಕೊಂಡೆ. ಅವನು ಎದೆ ಸೆಟೆದು ನಿಂತ.

"ಮುರದೈತಿ, ಹೌದ್ರಿ. ಆದ್ರ ನನ್ನ ಹೆಸರಿಲೆ ಮುರದೈತಿ. ಅದಕ್ಕ ಇಲ್ಲಿ ತನಕ ಬಂದ್ರಿ. ಇಂಗ್ರಜಿ ಹೆಸರ ಇದ್ರ ಲಂಡನ್ನಿಗೆ ಹೋಗಿ ಬೈತಿದ್ರೇನ್ರಿ? ಕುಂಡರ್ರಿ, ಚಹಾ ಕುಡೀರಿ. ಮುಂದಿಂದು ಮುರಿಯಾಂಗಿಲ್ಲ."

ನೇಕಾರ ನಕ್ಕುಬಿಟ್ಟ. ಮುಂದಿನದು ಮುರಿಯಿತೋ ಇಲ್ಲವೋ ದಿನಚರಿಯಲ್ಲಿಲ್ಲ. ಆದರೆ ಅವನ ಹಿಂದೆ ಬೇರೆ ನೇಕಾರರೂ ಬಂದದ್ದು, ಕುಲುಮೆ ಮತ್ತೆ ದಿನವೂ ಉರಿದದ್ದು ನಿಜ.

ವರ್ಷಗಳ ನಂತರ, ಆಮದು ಸಡಿಲವಾಗುತ್ತದೆಂಬ ಸುದ್ದಿ ಹಬ್ಬಿದಾಗ, ಅದೇ ಬಾಬೂರಾವ್ ಒಂದು ಅರ್ಜಿ ಹಿಡಿದು ಬಂದ. ಅಷ್ಟರಲ್ಲಿ ಅವನೂ ಫೌಂಡ್ರಿ ಹಾಕಿದ್ದ. ಹೊರಗಿನ ಗಿಯರ್‌ಗಳಿಗೆ ಬಾಗಿಲು ಮುಚ್ಚಿಯೇ ಇಡಿ ಎಂದು ಸರ್ಕಾರವನ್ನು ಕೇಳುವ ಅರ್ಜಿ. ಮಾಮಾ ಎದೆನೋವಿನಿಂದ ಹಾಸಿಗೆ ಹಿಡಿದಿದ್ದ. ಸಹಿ ಹಾಕು ಎಂದು ಈ ಸಲ ನಾನೇ ಒತ್ತಾಯಿಸಿದೆ.

"ಕಲಿಯೂ ತನಕ ಮುಚ್ಚಿದ್ರು, ಉಪಕಾರ ಆತು," ಎಂದ. "ಕಲತ ಮ್ಯಾಲೂ ಮುಚ್ಚಗೊಂಡ ಕುಂಡ್ರೂದಂದ್ರ ಅದು ಹೆದರಿಕಿ. ತಗೀಲಿ ಬಾಗಲಾ. ಬರಲಿ ಅವರು. ನಾನೂ ಅಲ್ಲಿಗೆ ಕಳಸ್ತೇನಿ, ಬಾಳಪ್ಪ ಅಂತ ಬರದು."

ಬಾಬೂರಾವ್ ಅರ್ಜಿ ಮಡಚಿಕೊಂಡು ಹೋದ. ನಾನು ಮರುದಿನ ನನ್ನ ನೌಕರಿಯ ಊರಿಗೆ ಮರಳಿದೆ. ಮತ್ತೆ ಬಂದಾಗ ಮಾಮಾ ಇರಲಿಲ್ಲ.

ಆ ವರ್ಷದ ಖಂಡೇನವಮಿಗೆ ಫೌಂಡ್ರಿಯಲ್ಲಿ ಮಾಮಿ ಮತ್ತು ನಾನು. ಕೆಂಪು ಬಟ್ಟೆಯ ಮೇಲೆ ಎರಡೂ ಗಿಯರ್‌ಗಳನ್ನಿಟ್ಟೆ. ಮಾಮಾ ಯಾವುದಕ್ಕೆ ಮೊದಲು ಮಾಲೆ ಹಾಕುತ್ತಿದ್ದ? ಎಷ್ಟು ಸಲ ನೋಡಿದ್ದೆ. ನೆನಪಿಲ್ಲ, ದಿನಚರಿಯಲ್ಲೂ ಇಲ್ಲ. ಗುರುವಿಗೇ ಮೊದಲಿರಬೇಕೆಂದು ವಿಲಾಯತಿಯದರ ಕಡೆಗೆ ಕೈ ಚಾಚಿದೆ.

"ಅದಕ್ಕಲ್ಲ," ಎಂದಳು ಮಾಮಿ. "ಮುರದದ್ದಕ್ಕ ಮೊದಲ."

"ಯಾಕ, ಮಾಮಿ?"

"ಹೆಚ್ಚ ಕಲಿಸಿದ್ದು ಅದ, ಅಂತಿದ್ರು."