ಮಾದರಿ ಮನೆಯ ಗೆರೆ

ರಾಯಬಾಗದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದ ಕಾಕಾಸಾಹೇಬರು ನಿವೃತ್ತರಾಗಿ ಕುಡಚಿಯ ಮನೆ ಸೇರಿದರೂ ಅವರ ದನಿ ಮಾತ್ರ ನಿವೃತ್ತವಾಗಿರಲಿಲ್ಲ. ಅಥಣಿ ಗಾಡಿ ಬಂತು, ಚಿಕ್ಕೋಡಿ ಗಾಡಿ ತಡ ಎಂದು ಮೈಕಿನಲ್ಲಿ ಸಾರಿ ಸಾರಿ ರೂಢಿಯಾಗಿ, ಮನೆಯಲ್ಲಿ ಚಹಾ ಕೇಳುವಾಗಲೂ ಓಣಿಗೆಲ್ಲ ತಿಳಿಯುವಂತೆ ಕೇಳುತ್ತಿದ್ದರು. ಸಾರಲು ಹೊಸ ಸಂಗತಿಯೇ ಸಿಗದೆ ಅವರು ಸೊರಗುತ್ತಿದ್ದ ಹೊತ್ತಿನಲ್ಲಿ ಓಣಿಗೆ ಸ್ಮಾರ್ಟ್ ಮೀಟರು ಬಂತು.

ಕರೆಂಟ್ ಆಫೀಸಿನ ಅಧಿಕಾರಿ ಭೀಮಸಿ ಓಣಿಯವರನ್ನೆಲ್ಲ ಸೇರಿಸಿ ವಿವರಿಸಿದ: ಯಾವ ಹೊತ್ತಿನಲ್ಲಿ ಎಷ್ಟು ಕರೆಂಟು ಉರಿಯಿತೆಂಬುದು ಇನ್ನು ಮೊಬೈಲಿನಲ್ಲಿಯೇ ಗೆರೆಯಾಗಿ ಕಾಣುತ್ತದೆ, ಎಲ್ಲರಿಗಿಂತ ಕಡಿಮೆ ಉರಿಸಿದವರಿಗೆ 'ಮಾದರಿ ಮನೆ' ಸನ್ಮಾನ. ಸನ್ಮಾನ ಎಂಬ ಮಾತು ಕಿವಿಗೆ ಬಿದ್ದದ್ದೇ ಕಾಕಾಸಾಹೇಬರ ಬೆನ್ನು ನೆಟ್ಟಗಾಯಿತು. ಅಂದಿನಿಂದ ಮೊಬೈಲು ಅವರ ಅಂಗೈ ಬಿಡಲಿಲ್ಲ.

"ಗೆರಿ ಏರಾಕತ್ತೈತಿ! ಮಿಕ್ಸರ್ ಹಚ್ಚಿದವ್ರು ಯಾರು?" ಎಂದು ಹೊರಗಿನ ಕಟ್ಟೆಯಿಂದಲೇ ಕೂಗುತ್ತಿದ್ದರು. ಗೆರೆ ಸ್ವಲ್ಪ ತಡವಾಗಿ ಏರುತ್ತಿದ್ದುದರಿಂದ, ಚಟ್ನಿ ಅರೆದದ್ದಕ್ಕೆ ಬೈಗುಳ ಬರುವಷ್ಟರಲ್ಲಿ ಚಟ್ನಿ ತಿಂದು ಮುಗಿದಿರುತ್ತಿತ್ತು.

"ಈ ಮನ್ಯಾಗ ನಾ ಇರ್ಲ್ಯೋ, ನಿಮ್ಮ ಗೆರಿ ಇರ್ಲ್ಯೋ?" ಹೆಂಡತಿ ಸುಗಂಧಾ ಒಂದು ದಿನ ಕೇಳಿಯೇಬಿಟ್ಟಳು.

"ಸಿಟ್ಯಾಕ? ಮೆಹರುಬಿ ಮನಿ ಏನ್ ದೂರ ಐತಿ? ಅಲ್ಲೇ ಹೋಗಿ ಅರಕೊಂಡ ಬಾ."

ಮೆಹರುಬಿ ಪಕ್ಕದ ಮನೆಯಾಕೆ. ಮನೆಯಲ್ಲೇ ಕುಳಿತು ಓಣಿಯ ಹೆಂಗಸರ ಬ್ಲೌಸು ಹೊಲಿಯುತ್ತಿದ್ದಳು. "ಬರ್ರಿ ಕಾಕು, ನನಗೂ ಮಾತಾಡಾಕ ಜೊತಿ ಆಗತೈತಿ" ಎಂದು ಮಿಕ್ಸರಿಗೆ ಜಾಗ ಮಾಡಿಕೊಟ್ಟಳು. ಮಿಕ್ಸರಿನ ಹಿಂದೆ ಇಸ್ತ್ರಿ ಪೆಟ್ಟಿಗೆ ಹೋಯಿತು. ಮೊಬೈಲುಗಳು ಅಲ್ಲಿಯೇ ಚಾರ್ಜ್ ಆಗತೊಡಗಿದವು. ಸುಗಂಧಾ ಧಾರಾವಾಹಿಯನ್ನೂ ಅಲ್ಲಿಯೇ ನೋಡತೊಡಗಿದಳು. ಕೊನೆಗೆ ಗೋಡೆ ದಾಟಿ ಒಂದು ಪೈಪು ಬಂತು. ಮೆಹರುಬಿಯ ಮೋಟಾರು ಕಾಕಾಸಾಹೇಬರ ನೀರಿನ ಟಾಕಿ ತುಂಬಿಸಿತು. ಮಧ್ಯಾಹ್ನದ ಧಗೆಗೆ ಸ್ವತಃ ಕಾಕಾಸಾಹೇಬರೇ ಅವಳ ಪಡಸಾಲೆಯ ಫ್ಯಾನಿನಡಿ ಕುಳಿತು, ಕರೆಂಟು ಉಳಿಸುವ ಬಗೆಯನ್ನು ಅವಳಿಗೇ ಬೋಧಿಸಿದರು. ಮೆಹರುಬಿ ತನ್ನ ಮೊಬೈಲಿನ ಗೆರೆ ನೋಡಿ ಹುಬ್ಬು ಗಂಟಿಕ್ಕಿದಳು. ಆದರೆ ಮನೆಗೆ ಬಂದ ಹಿರಿಯರಿಗೆ ಎದ್ದು ಹೋಗಿ ಎನ್ನುವ ನಾಲಿಗೆ ಅವಳದಲ್ಲ.

ನಿರೀಕ್ಷೆಯಂತೆ ಕಾಕಾಸಾಹೇಬರಿಗೇ ಸನ್ಮಾನವಾಯಿತು. ಶಾಲು ಹೊದ್ದು, "ಮನಸ್ಸು ಗಟ್ಟಿ ಇದ್ರ ಎಲ್ಲಾ ಆಗತೈತಿ" ಎಂದು ಭಾಷಣ ಮಾಡಿ ಕೆಳಗಿಳಿಯುವಷ್ಟರಲ್ಲಿ ಭೀಮಸಿ ಅವರ ಕೈ ಹಿಡಿದ.

"ಕಾಕಾ, ಓಣ್ಯಾಗ ಒಂದ ಮನಿ ಗೆರಿ ಮುಗಲ ಮುಟ್ಟೈತಿ. ನೀವ ಬಂದ ತಿಳಿಸಿ ಹೇಳ್ಬೇಕ್ರಿ. ಫೋಟೋದವ್ರೂ ಬರ್ತಾರ."

ಶಾಲಿನ ಸಮೇತ ಹೊರಟ ಕಾಕಾಸಾಹೇಬರನ್ನು ಭೀಮಸಿ ತಂದು ನಿಲ್ಲಿಸಿದ್ದು ಮೆಹರುಬಿಯ ಬಾಗಿಲಲ್ಲಿ. ಒಳಗೆ ಟೀವಿ ನಡೆದಿತ್ತು. ಎದುರಿಗೆ ಸುಗಂಧಾ ಕುಳಿತಿದ್ದಳು. ಮೇಜಿನ ಮೇಲೆ ಅವರದೇ ಬಿಳಿ ಪ್ಯಾಂಟು ಇಸ್ತ್ರಿಯಾಗುತ್ತಿತ್ತು. ಹಿತ್ತಲಲ್ಲಿ ಮೋಟಾರು ಗುರ್ರೆನ್ನುತ್ತಿತ್ತು.

"ತಂಗಿ, ಇಷ್ಟ ಕರೆಂಟ್ ಉರಸಿದ್ರ ಹೆಂಗವ್ವಾ?" ಭೀಮಸಿ ಶುರುಮಾಡಿದ.

ಮೆಹರುಬಿ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಸುಗಂಧಾಳ ಮುಖ ನೋಡಿದಳು. ಸುಗಂಧಾ ಎದ್ದು ನಿಂತಳು.

"ಆಕೀಗಿ ಯಾಕ ಕೇಳ್ತೀರಿ ಸಾಹೇಬ್ರ? ಪ್ಯಾಂಟ್ ಇವರದು. ಮಿಕ್ಸರ್ ನಂದು. ನೀರ ಹೊಂಟಿದ್ದು ನಮ್ಮ ಟಾಕೀಗಿ. ಹೊಲಗಿ ಮಷೀನ್ ಒಂದ ಆಕೀದು, ಅದೂ ಈಗ ಸುಮ್ನ ಕುಂತೈತಿ."

ಭೀಮಸಿ ಒಂದು ಕ್ಷಣ ತಲೆ ತುರಿಸಿಕೊಂಡ. "ಅದೆಲ್ಲಾ ಇರ್ಲಿ. ಮೀಟರ್ ಯಾರ ಹೆಸರಲೆ ಐತಿ?"

"ನನ್ನ ಹೆಸರಲೆ ಐತ್ರಿ," ಎಂದಳು ಮೆಹರುಬಿ.

"ಹಂಗಾರ ಉರಿಸಿದವ್ರೂ ನೀವ. ಕಾಕಾ, ಬುದ್ಧಿ ಹೇಳೂಹಂಗ ಬೆರಳ ಎತ್ರಿ, ಫೋಟೋ ತಗೀಲಿ."

ಕಾಕಾಸಾಹೇಬರು ಬೆರಳೆತ್ತಿದರು. ಮೆಹರುಬಿ ಯಾರನ್ನೂ ದೂರದೆ ತಲೆ ತಗ್ಗಿಸಿ ನಿಂತಿದ್ದಳು. ಕಾಕಾಸಾಹೇಬರಿಗೆ ಆ ಹೊತ್ತಿನಲ್ಲಿ ಬೇಕಾಗಿದ್ದದ್ದು ಒಂದು ಬೈಗುಳ, ಅದನ್ನೂ ಆಕೆ ಕೊಡಲಿಲ್ಲ.

ಅಂದು ಸಂಜೆ ಅವರು ತಾವೇ ಹೋಗಿ ಪೈಪು ಸುತ್ತಿದರು, ಮಿಕ್ಸರನ್ನು ಬಗಲಿಗೆ ಇರುಕಿಕೊಂಡರು. ಹೊಸ್ತಿಲಲ್ಲಿ ನಿಂತು, "ತಪ್ಪಾತವ್ವಾ ಮೆಹರೂ" ಎಂದರು.

"ಏನಂದ್ರಿ ಕಾಕಾ? ಕೇಳಸಲಿಲ್ಲ," ಎಂದಳು ಆಕೆ. ಅವರು ಇಷ್ಟು ಮೆತ್ತಗೆ ಮಾತಾಡಿದ್ದನ್ನು ಆಕೆ ಹಿಂದೆಂದೂ ಕೇಳಿರಲಿಲ್ಲ.

ಮುಂದಿನ ಸಲ ಮತ್ತೆ ಸಭೆ ಕೂಡಿತು. ಎಲ್ಲರಿಗಿಂತ ಹೆಚ್ಚು ಇಳಿಸಿದ ಮನೆಯೆಂದು ಈ ಬಾರಿ ಮೆಹರುಬಿಗೆ ಶಾಲು ಬಂತು. ಇದೆಲ್ಲ ಕಾಕಾಸಾಹೇಬರ ತಿಳಿವಳಿಕೆಯ ಮಾತಿನ ಫಲ ಎಂದು ಭೀಮಸಿ ಹೊಗಳಿ, ಅವಳ ಮುಂದೆ ಮೈಕು ಹಿಡಿದ. "ಹೆಂಗ ಉಳಿಸಿದ್ರಿ, ನಾಕ ಮಂದೀಗಿ ಹೇಳ್ರಿ."

"ಭಾಳೇನಿಲ್ರಿ. ಕಾಕಾ ತಮ್ಮ ಸಾಮಾನ ತಮ್ಮ ಮನೀಗಿ ಒಯ್ದ್ರು."

ಸಭೆ ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಭೀಮಸಿಯೇ. ಓಣಿಯ ಒಟ್ಟು ಕರೆಂಟು ಮೊದಲಿದ್ದಷ್ಟೇ ಇದೆಯೆಂಬುದು ಅವನ ತಲೆಗೆ ಹೊಳೆಯಲಿಲ್ಲ. ಅದಕ್ಕೆ ಬಹುಮಾನವೂ ಇರಲಿಲ್ಲ.

"ಬರೂ ವಾರ ಏಕಸಂಬಾ ಊರಾಗ ಇಂಥಾದ ಕಾರ್ಯಕ್ರಮ ಐತಿ. ಕಾಕಾ, ಕರೆಂಟ್ ಉಳಿಸೂದ ಹೇಳಾಕ ಬರ್ತೀರಲ್ಲಾ?" ಎಂದ.

ಕಾಕಾಸಾಹೇಬರು ಸುಗಂಧಾಳ ಕಡೆ ನೋಡಿದರು. ಆಕೆ ಸೆರಗಿನ ಮರೆಯಲ್ಲಿ ನಗುತ್ತಿದ್ದಳು.

"ಇಲ್ರಿ," ಎಂದರು. "ಅಲ್ಲಿ ನಮಗ ಗುರ್ತಿನ ನೆರಿಮನಿ ಇಲ್ಲ."