ಕಿಸೆಯೊಳಗಿನ ಬಿದಿರಿನ ಪಟ್ಟಿ

ಬೋವಿಕಾನದ ಕೇಶವಪ್ರಸಾದ ಮಾಷ್ಟ್ರ ಅಂಗಿಯ ಕಿಸೆ ಆ ಪರಿಸರದಲ್ಲಿ ಪ್ರಸಿದ್ಧವಾದುದು. ಮಗುವಿನ ಅಂಗಾಲಿಗೆ ಮುಳ್ಳು ಹೊಕ್ಕರೆ ಅದರಿಂದ ಚಿಮಟ ಹೊರಬರುತ್ತಿತ್ತು. ಮದುವೆಮನೆಯಲ್ಲಿ ಯಾರದೋ ಚಪ್ಪಲಿಯ ಪಟ್ಟಿ ಕಿತ್ತರೆ ಸೇಫ್ಟಿಪಿನ್ನು, ಕನ್ನಡಕದ ತಿರುಪು ಸಡಿಲಾದರೆ ಸಪೂರವಾದೊಂದು ಸ್ಕ್ರೂಡ್ರೈವರ್. ಮಡಚುವ ಚೂರಿಯೂ ಮೋಟು ಪೆನ್ಸಿಲೂ ಅಲ್ಲಿಯೇ. ಇವೆಲ್ಲ ಸುಮ್ಮನೆ ಬಂದು ಸೇರಿದವುಗಳಲ್ಲ. ಒಂದು ವಸ್ತು ಮಾಡುವ ಕೆಲಸವನ್ನು ಇನ್ನೊಂದು ಮಾಡಬಾರದು. ಒಂದು ಮಳೆಗಾಲ ಕಳೆಯುವುದರೊಳಗೆ ಒಮ್ಮೆಯಾದರೂ ಉಪಯೋಗಕ್ಕೆ ಬಾರದಿದ್ದರೆ ಅದಕ್ಕೆ ಕಿಸೆಯಲ್ಲಿ ಠಾವಿಲ್ಲ. ಭಾವ ದುಬಾಯಿಯಿಂದ ತಂದ ಹಲವು ಅಲಗುಗಳ ಚೂರಿಯೂ ಈ ಪರೀಕ್ಷೆಯಲ್ಲಿ ಸೋತು ಮೇಜಿನ ಖಾನೆ ಸೇರಿತ್ತು.

ಆದರೆ ದೇವರ ಸನ್ನಿಧಿಯಲ್ಲಿ ಯಾರಿಗೂ ಕಿಸೆಯಿಲ್ಲ. ಅಲ್ಲಿ ಗಂಡಸರು ಅಂಗಿ ಕಳಚಿ ಬರಿಮೈಯಲ್ಲಿ ನಿಲ್ಲುವುದು ಕ್ರಮ. ಕಳೆದ ವರ್ಷ ನವರಾತ್ರಿಯಲ್ಲಿ ಮಾಷ್ಟ್ರು ಪತ್ನಿ ಸೌದಾಮಿನಿಯವರೊಡನೆ ಕುಂಬಳೆಯ ಸಮೀಪದ ದೇವಸ್ಥಾನಕ್ಕೆ ಹೋದಾಗ, ಹೊರಗೋಡೆಯ ಗೂಟಗಳಲ್ಲಿ ಬಿಳಿ ಅಂಗಿಗಳು ಕೊಕ್ಕರೆಗಳ ಹಿಂಡಿನಂತೆ ಸಾಲುಗೂಡಿದ್ದವು. ಪೂಜೆ, ಊಟ ಮುಗಿಸಿ, ಅಂಗಿ ತೊಟ್ಟು ಬಸ್ಸು ಹತ್ತಿದರು. ಕಾಸರಗೋಡು ದಾಟಿ ನಾಯ್ಮಾರ್ಮೂಲೆ ಹತ್ತಿರವಾಗುವಾಗ ಸೌದಾಮಿನಿಯವರ ಚೀಲದ ಜಿಪ್ಪು ಸಿಕ್ಕಿಕೊಂಡಿತು.

“ಇದಾ, ಆ ಚಿಮಟ ಒಮ್ಮೆ ಕೊಡಿ.”

ಮಾಷ್ಟ್ರು ಕಿಸೆಗೆ ಕೈಹಾಕಿದರು. ಬಂದದ್ದು ಉಬ್ಬಸದವರು ಸೇದುವ ನೀಲಿ ಇನ್‌ಹೇಲರ್.

“ಇದೆಂತ? ಯಾವಾಗಿಂದ ನಿಮಗೆ ಉಬ್ಬಸ?”

“ಅಂಗಿಯೇ ನನ್ನದಲ್ಲ.”

“ಹಾಕುವಾಗ ಗೊತ್ತಾಗಲಿಲ್ಲವಾ?”

“ಭಾರ ಅಷ್ಟೇ ಇತ್ತು.”

ಬರಿಗಿಸೆಯ ಮನುಷ್ಯನಾಗಿದ್ದರೆ ತೊಡುವಾಗಲೇ ತಿಳಿಯುತ್ತಿತ್ತು. ಭಾರಕ್ಕೆ ಒಗ್ಗಿದ ಎದೆಗೆ ಪರರ ಭಾರವೂ ತನ್ನದೆಂದೇ ತೋರಿತ್ತು.

ಮಾಷ್ಟ್ರು ಉಳಿದುದನ್ನೂ ತೊಡೆಯ ಮೇಲೆ ಹರಡಿದರು. ಅರ್ಧ ಕರಗಿದ ಪೆಪ್ಪರ್‌ಮಿಂಟು. ನೀಲಿ ನೈಲಾನ್ ನೂಲು ಸುತ್ತಿದ, ಬಲೆ ಹೆಣೆಯುವ ಸೂಜಿ. ಬೆರಳುದ್ದದ, ನಯವಾದ ಬಿದಿರಿನ ಪಟ್ಟಿ. ನೌಕರಿಯ ಮೊದಲ ವರ್ಷಗಳಲ್ಲಿ ಕಡಲ ಬದಿಯ ಶಾಲೆಯಲ್ಲಿದ್ದ ಅವರಿಗೆ ಸೂಜಿಯ ಗುರುತು ಹತ್ತಿತು. ಪಟ್ಟಿ ಯಾತಕ್ಕೆಂದು ತಿಳಿಯಲಿಲ್ಲ.

ಸೌದಾಮಿನಿಯವರ ಕಣ್ಣು ಇನ್‌ಹೇಲರಿನ ಮೇಲೆಯೇ ಇತ್ತು. “ಇದರ ಬಾಯಿ ನೋಡಿ, ಹಲ್ಲಿನ ಗುರುತು ಉಂಟು. ದಿನಾ ಬೇಕಾದವರದ್ದು. ನನ್ನಪ್ಪ ಇದು ಇಲ್ಲದೆ ಜಗಲಿ ಇಳಿಯುತ್ತಿರಲಿಲ್ಲ.”

ದೇವಸ್ಥಾನಕ್ಕೆ ಫೋನು ಮಾಡಿದರೆ ಎತ್ತುವವರಿಲ್ಲ. ಮಧ್ಯಾಹ್ನದ ಪೂಜೆ ಮುಗಿದು ನಡೆಬಾಗಿಲು ಮುಚ್ಚಿದ ಹೊತ್ತು. ಮಾಷ್ಟ್ರು ಎದ್ದು ನಿಂತರು. “ಬಲೆಯವನಾದರೆ ದೇವಸ್ಥಾನಕ್ಕೆ ಹತ್ತಿರದ ಮೀನುಗಾರರ ಊರು ಶಿರಿಯ. ಇಳಿಯುವ.”

“ಶಿರಿಯ ಅಲ್ಲದಿದ್ದರೆ?”

“ಅಲ್ಲಿ ಕೇಳುವ.”

ಕುಂಬಳೆಯತ್ತ ಹಿಂದಿರುಗುವ ಬಸ್ಸಿನಲ್ಲಿಯೂ ಮಾಷ್ಟ್ರ ಬೆರಳು ಪಟ್ಟಿಯನ್ನು ಬಿಡಲಿಲ್ಲ.

“ನಾಲಿಗೆ ಉಜ್ಜುವ ಕಡ್ಡಿ ಇರಬೇಕು,” ಎಂದರು ಸೌದಾಮಿನಿ.

“ಅದು ಬಗ್ಗುತ್ತದೆ. ಇದು ಬಗ್ಗುವುದಿಲ್ಲ.”

“ಅಲ್ಲಿ ಒಬ್ಬರಿಗೆ ಉಸಿರಿಲ್ಲ, ಇಲ್ಲಿ ನಿಮಗೆ ಬಿದಿರು.”

ಮಾಷ್ಟ್ರು ಪಟ್ಟಿಯನ್ನು ಕಿಸೆಗೆ ಸೇರಿಸಿದರು. ತಮ್ಮ ಊಹೆ ತಪ್ಪಿದರೆ ಯಾರೋ ಒಬ್ಬನ ಪಾಲಿಗೆ ಈ ಹೊತ್ತೆಲ್ಲ ವ್ಯರ್ಥವೆಂಬ ಅಳುಕು ಅವರಿಗೂ ಇತ್ತು.

ಶಿರಿಯದ ಚಹಾದಂಗಡಿಯವನು ಪ್ರಶ್ನೆ ಮುಗಿಯುವ ಮೊದಲೇ ಕೈತೋರಿದ. “ಉಬ್ಬಸದವರಾ? ವಾಸಪ್ಪಣ್ಣ. ದೇವಸ್ಥಾನಕ್ಕೆ ಹೋದದ್ದು ಹೌದು. ಹೊಳೆಬದಿಯಲ್ಲಿ ದೋಣಿ ಕವುಚಿ ಹಾಕಿದ ಮನೆ.”

ಆ ಮನೆಯ ಮೆಟ್ಟಿಲಲ್ಲಿ ಮಾಷ್ಟ್ರ ಅಂಗಿ ತೊಟ್ಟ ವಾಸಪ್ಪ ಮೊಣಕಾಲಿಗೆ ಕೈಯೂರಿ ಕುಳಿತಿದ್ದ. ಭುಜಗಳು ಏರಿಳಿಯುತ್ತಿದ್ದವು, ಮಾತು ಹೊರಡುತ್ತಿರಲಿಲ್ಲ. ಮಗಳು ನಮಿತಾ ಫೋನಿನಲ್ಲಿ ಆಟೋ ಕರೆಯುತ್ತಿದ್ದಳು. ಚಿಮಟ, ಚೂರಿ, ಪೆನ್ಸಿಲುಗಳು ಚಾಪೆಯ ಮೇಲೆ ಚೆಲ್ಲಿದ್ದವು.

“ಬೋವಿಕಾನದ ಮಾಷ್ಟ್ರು ನಾನು. ಅಂಗಿ ಬದಲಾಯಿತು,” ಎಂದಷ್ಟೇ ಹೇಳಿ ಕೇಶವಪ್ರಸಾದರು ಇನ್‌ಹೇಲರನ್ನು ಅವನ ಕೈಗಿತ್ತರು.

ವಾಸಪ್ಪ ಸೇದಿದ, ತಡೆದು, ಮತ್ತೊಮ್ಮೆ ಸೇದಿದ. ಎದೆಯ ಸಿಳ್ಳು ಮೆಲ್ಲಮೆಲ್ಲನೆ ತಗ್ಗಿತು. ಕೊನೆಗೆ ಅವನು ಚಾಪೆಯತ್ತ ನೋಡಿದ.

“ಮಾಷ್ಟ್ರೇ, ನಿಮ್ಮ ಕಿಸೆಯಲ್ಲಿ ಎಲ್ಲ ಉಂಟು. ಗಾಳಿ ಒಂದು ಇಲ್ಲ.”

ಸೌದಾಮಿನಿಯವರು ಸೆರಗಿನಿಂದ ಬಾಯಿ ಮುಚ್ಚಿ ನಕ್ಕರು. ನಮಿತಾ ಮಾತ್ರ ನಗಲಿಲ್ಲ. “ಆಟೋ ಬರಲಿ ಅಪ್ಪ. ಡಾಕ್ಟರಿಗೆ ತೋರಿಸಿಯೇ ಬರುವ.”

ಆಟೋ ಬರುವುದರೊಳಗೆ ಅಂಗಿಗಳು ಅದಲುಬದಲಾದವು. ಮಾಷ್ಟ್ರಿಗೆ ಇನ್ನು ತಡೆಯಲಾಗಲಿಲ್ಲ. “ಆ ಬಿದಿರು ಎಂತಕ್ಕೆ ವಾಸಪ್ಪಣ್ಣ?”

ವಾಸಪ್ಪ ನೂಲನ್ನು ಪಟ್ಟಿಗೆ ಒಂದು ಸುತ್ತು ಸುತ್ತಿ, ಗಂಟು ಬಿಗಿದು, ಪಟ್ಟಿಯನ್ನು ಜಾರಿಸಿ ತೆಗೆದ. ಅದರ ಅಗಲದ ಒಂದು ಕಣ್ಣು ಉಳಿಯಿತು. “ಇದಿದ್ದರೆ ಬಲೆಯ ಕಣ್ಣೆಲ್ಲ ಒಂದೇ ಹದ. ದೊಡ್ಡ ಚಿಕ್ಕ ಆದರೆ ಮೀನಿಗೆ ನಾವೇ ದಾರಿ ಬಿಟ್ಟ ಹಾಗೆ.”

“ದೇವಸ್ಥಾನಕ್ಕೆ ಯಾಕೆ ತಂದದ್ದು?”

“ಊಟಕ್ಕೆ ಎಲೆ ಹಾಕುವವರೆಗೆ ಕೈ ಸುಮ್ಮನೆ ಕೂರಬೇಕಲ್ಲ ಮಾರಾಯ್ರೆ.”

ಮಾಷ್ಟ್ರು ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದುದನ್ನು ಕಂಡು, “ಇಟ್ಟುಕೊಳ್ಳಿ. ನನಗೆ ಬಿದಿರಿಗೆ ಬರವಾ?” ಎಂದು ವಾಸಪ್ಪ ಅದನ್ನು ಅವರಿಗೇ ಕೊಟ್ಟ. ಇನ್ನೊಮ್ಮೆ ಮೋಸಹೋಗಬಾರದೆಂದು ನೀಲಿ ನೂಲಿನ ಒಂದು ಗಂಟನ್ನು ತನ್ನ ಅಂಗಿಯ ಕೊರಳಪಟ್ಟಿಗೆ ಹಾಕಿಕೊಂಡ.

ಈ ಸಲದ ಮಳೆಗಾಲವೂ ಮುಗಿಯಿತು. ಮೊನ್ನೆ ಅಂಗಿ ಒಗೆಯಲು ಕಿಸೆ ಬರಿದು ಮಾಡುತ್ತಿದ್ದ ಸೌದಾಮಿನಿಯವರು ಪಟ್ಟಿಯನ್ನು ಎತ್ತಿ ಹಿಡಿದರು.

“ಒಂದು ಬಲೆಯೂ ಹೆಣೆದದ್ದು ಕಾಣೆ. ನಿಮ್ಮ ನಿಯಮ ಎಲ್ಲಿ ಹೋಯಿತು?”

“ಅದು ಕೈಗೆ ಸಿಕ್ಕಿದಾಗಲೆಲ್ಲ ಶಿರಿಯಕ್ಕೆ ಫೋನು ಮಾಡಿ, ಉಸಿರು ಹೇಗುಂಟು ಎಂದು ಕೇಳುತ್ತೇನಲ್ಲ. ಅದು ಉಪಯೋಗ ಅಲ್ಲವಾ?”

ಸೌದಾಮಿನಿಯವರು ಒಗೆದ ಬೇರೆ ಅಂಗಿಯ ಕಿಸೆಗೆ ಪಟ್ಟಿಯನ್ನು ಇಳಿಸಿದರು. “ಇವತ್ತು ಫೋನು ಮಾಡಿದಿರಾ?” ಎಂದು ಕೇಳಿದರು.