ನಫೀಸಾಳ ಪಾಮ್ ಗಿಡಗಳಿಗೆ ಬಿದ್ದ ಉಪ್ಪು

ನಫೀಸಾ, ನಿನ್ನ ಪಾಮ್ ಗಿಡಗಳ ಬುಡಕ್ಕೆ ಉಪ್ಪು ಹಾಕಿದವಳು ನಾನು. ನಿನ್ನ ಅತ್ತೆ ಐಸಮ್ಮ ಅಲ್ಲ. ಇಷ್ಟು ವರ್ಷ ಪಕ್ಕದ ಮನೆಯಲ್ಲೇ ಇದ್ದು, ನಿನ್ನ ಮನೆಯ ಹಬ್ಬದೂಟ ಉಂಡು, ಇದೊಂದು ಮಾತನ್ನು ಮಾತ್ರ ನುಂಗಿಕೊಂಡೇ ಬಂದೆ—

ಆ ಗಿಡಗಳೆಂದರೆ ನಿನಗೆ ಏನೆಂದು ನನಗೆ ಗೊತ್ತಿತ್ತು. ಮೊದಲನೆಯದನ್ನು ನೀನು ಮೂಡುಬಿದಿರೆಯ ನರ್ಸರಿಯಿಂದ ಮಡಿಲಲ್ಲಿಟ್ಟುಕೊಂಡು, ಬಿ.ಸಿ.ರೋಡಿನಲ್ಲಿ ಬಸ್ಸು ಬದಲಿಸಿ ಪಾಣೆಮಂಗಳೂರಿಗೆ ತಂದಿದ್ದೆ. ಬೀಸಣಿಗೆಯಂಥ ಎಲೆ, ನೇರ ಬಿಸಿಲು ತಾಗಿದರೆ ಸುಟ್ಟುಹೋಗುವ ಜಾತಿ. ಹಿತ್ತಿಲ ಹಲಸಿನ ಮರದ ಅಡಿಯಲ್ಲಿ ಚಟ್ಟಿಗಳನ್ನಿಟ್ಟು, ದಿನವೂ ಒದ್ದೆ ಬಟ್ಟೆಯಿಂದ ಎಲೆ ಒರೆಸುತ್ತಿದ್ದವಳು ನೀನು. ಬೀಜ ಹಾಕಿ ತಿಂಗಳುಗಟ್ಟಲೆ ಕಾದು, ಮೊಳಕೆ ಕಂಡ ದಿನ ಗೋಡೆಯ ಆಚೆಯಿಂದ ನನ್ನನ್ನು ಕೂಗಿ ಕರೆದಿದ್ದೆ. ನಾನು ತಮಾಷೆ ಮಾಡಿದೆ.

"ಕಾಯಿ ಬಿಡದ ಗಿಡಕ್ಕೆ ಬಾಣಂತಿ ಉಪಚಾರ ಯಾಕೆ ಮಾರಾಯ್ತಿ?"

"ನೋಡ್ಲಿಕ್ಕೆ ಅಕ್ಕ. ಸುಮ್ಮನೆ ನೋಡ್ಲಿಕ್ಕೆ," ಅಂದೆ ನೀನು.

ತೊಂಬತ್ತರ ದಶಕದ ಕೊನೆಯ ಆ ಬೇಸಿಗೆಯಲ್ಲಿ ನೀನು ಎರಡು ತಿಂಗಳಿಗೆಂದು ಗಂಡನ ಬಳಿ ದುಬೈಗೆ ಹೊರಟೆ. ಅತ್ತೆಗೆ ಮೊಣಕಾಲು ನೋವು, ಹಾಗಾಗಿ ಗಿಡಗಳನ್ನು ನನಗೆ ಒಪ್ಪಿಸಿದೆ. "ನೀರು ಮಾತ್ರ ಸಾಕು ಸುಮತಿ ಅಕ್ಕ. ಬೇರೆ ಏನೂ ಹಾಕುದು ಬೇಡ."

ನೀರು ಮಾತ್ರ! ನಾನು ಬೆಳ್ತಂಗಡಿ ಕಡೆಯ ತೋಟದ ಮನೆಯಲ್ಲಿ ಹುಟ್ಟಿದವಳು, ತೆಂಗಿನ ಬುಡಕ್ಕೆ ಉಪ್ಪು ಹಾಕುವುದನ್ನು ನೋಡುತ್ತಲೇ ಬೆಳೆದವಳು. ಪೇಟೆಯ ಹುಡುಗಿ ನನಗೆ ಹೇಳಿಕೊಡುವುದೇ ಎಂಬ ಅಹಂಕಾರ ನನ್ನದು. ತಿಂಗಳಾದರೂ ಹೊಸ ಸುಳಿ ಬರಲಿಲ್ಲ. ಆ ಜಾತಿ ಬೆಳೆಯುವುದೇ ಹಾಗೆ, ನಿಧಾನವಾಗಿ ಎಂದು ಆಮೇಲೆ ತಿಳಿಯಿತು. ಇವೂ ತೆಂಗಿನ ಸಂಬಂಧಿಕರೇ ತಾನೇ ಎಂದುಕೊಂಡು ಚಟ್ಟಿಗೊಂದು ಹಿಡಿ ಕಲ್ಲುಪ್ಪು ಹಾಕಿದೆ. ನೀನು ಬಂದಾಗ ಹೊಸ ಎಲೆ ತೋರಿಸಿ ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆ. ಹತ್ತು ದಿನದಲ್ಲಿ ಎಲೆಯ ಅಂಚು ಕಂದಿತು. ಕೊಡಗಟ್ಟಲೆ ನೀರು ಸುರಿದೆ, ಮೇಲಿನ ಮಣ್ಣು ಕೆರೆದು ತೆಗೆದೆ. ಒಂದೂ ಉಳಿಯಲಿಲ್ಲ.

ನೀನು ಬಂದವಳೇ ಬುರ್ಖಾ ಕೂಡ ತೆಗೆಯದೆ ಹಿತ್ತಿಲಿಗೆ ಓಡಿದೆ. ಚಟ್ಟಿಯ ಅಂಚಿನಲ್ಲಿದ್ದ ಬಿಳಿ ಪುಡಿಯನ್ನು ಬೆರಳಿನಿಂದ ತೆಗೆದು ನಾಲಗೆಗೆ ಮುಟ್ಟಿಸಿದೆ.

"ಇದು ಉಪ್ಪು ಅಕ್ಕ. ಯಾರು ಹಾಕಿದ್ದು?"

'ನಾನು' ಎಂದಿದ್ದರೆ ಮುಗಿಯುತ್ತಿತ್ತು. ನೀನು ಒಂದು ವಾರ ಮುಖ ಊದಿಸಿಕೊಂಡು ಇರುತ್ತಿದ್ದೆಯೇನೋ, ಅಷ್ಟೇ. ಆದರೆ ನಾನು ಅಂದದ್ದು—

"ನಿನ್ನ ಮಾಮಿ ತೆಂಗಿಗೆ ಹಾಕ್ತಾರಲ್ಲ... ಮರೆತು ಇದಕ್ಕೂ ಹಾಕಿದ್ರೋ ಏನೋ."

ಐಸಮ್ಮ ಹಿತ್ತಿಲ ಬಾಗಿಲಲ್ಲೇ ನಿಂತಿದ್ದರು. ನಾನು ಸುಳ್ಳು ಹೇಳಬಹುದೆಂದು ಅವರಿಗೆ ಹೊಳೆಯಲೇ ಇಲ್ಲ. ಬಹಳ ಹೊತ್ತು ಯೋಚಿಸಿದರು. "ಹಾಕಿರ್ಬೇಕು ಮಗಳೇ. ನನಗೆ ನೆನಪೇ ಆಗುದಿಲ್ಲ," ಅಂದರು.

ನೀನು ಅವರನ್ನು ಬೈಯಲಿಲ್ಲ. ಕಣ್ಣೊರೆಸಿಕೊಂಡು, "ಇನ್ನು ಹಿತ್ತಿಲಿಗೆ ಇಳಿಯುದು ಬೇಡ ಮಾಮಿ," ಅಂದೆ, ಅಷ್ಟೇ. ಆಮೇಲೆ ಗ್ಯಾಸ್ ಹಚ್ಚುವುದು ಬೇಡ ಎಂದಾಯಿತು. ಮೊಮ್ಮಗಳನ್ನು ಶಾಲೆಯ ಬಸ್ಸಿಗೆ ಬಿಡಲು ಹೋಗುವುದೂ ಬೇಡ ಎಂದಾಯಿತು. ಎಲ್ಲವೂ ಕಾಳಜಿಯ ಮಾತುಗಳೇ. ಒಂದೊಂದೂ ಗೋಡೆಯ ಈಚೆ ನನಗೆ ಕೇಳಿಸುತ್ತಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಹೋದದ್ದು ನನ್ನ ಮಾನವಲ್ಲ, ಆ ಹಿರಿಯ ಜೀವದ್ದು.

ಎರಡು ವರ್ಷದ ನಂತರ ಅವರು ಗುರುವಾಯನಕೆರೆಯಲ್ಲಿ ಮಗಳ ಮನೆ ಸೇರಿದರು. ತವರಿಗೆ ಹೋಗುವಾಗ ಒಮ್ಮೆ ಅಲ್ಲಿ ಇಳಿದೆ. ಹೇಳಿಬಿಡಬೇಕೆಂದೇ ಇಳಿದಿದ್ದೆ, ನಫೀಸಾ, ನಂಬು. ಮಗಳು ಮಲ್ಲಿಗೆ ಗಿಡಕ್ಕೆ ನೀರು ಹಾಕುತ್ತಿದ್ದಳು. ಮಾತು ಶುರು ಮಾಡಲೆಂದು ನಾನೂ ಒಂದು ಚೊಂಬು ತುಂಬಿ ಐಸಮ್ಮನ ಮುಂದೆ ಹಿಡಿದೆ. ಅವರು ಕೈ ಹಿಂದಕ್ಕೆ ಎಳೆದುಕೊಂಡರು.

"ಬೇಡ ಸುಮತಿ. ನನ್ನ ತಲೆ ಸರಿ ಇಲ್ಲ. ಏನು ಹಾಕಿ ಬಿಡ್ತೇನೋ ಏನೋ."

ಆಗಲೂ ನಾನು ಬಾಯಿ ಬಿಡಲಿಲ್ಲ. ಚಾ ಕುಡಿದು ಬಸ್ಸು ಹತ್ತಿದೆ. ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರು.

ಕ್ಷಮಿಸು ಎಂದು ನಿನ್ನನ್ನು ಕೇಳುವುದಿಲ್ಲ. ಕ್ಷಮಿಸಬೇಕಾದವರು ಇಲ್ಲ. ಈ ಕಾಗದವನ್ನು ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ. ನೀನು ಓದಿ ಮುಗಿಸುವ ತನಕ ಎದುರಿಗೇ ನಿಂತಿರುತ್ತೇನೆ. ಆಮೇಲೆ ಗುರುವಾಯನಕೆರೆಗೆ ಹೋಗಬೇಕು. ಅವರ ಮಗಳಿಗೂ ಹೇಳಬೇಕು—ನಿನ್ನ ತಾಯಿ ಏನನ್ನೂ ಮರೆತಿರಲಿಲ್ಲ ಎಂದು.